ಏಳನೆಯ ಕಟ್ಟಳೆ

ಸೆಪ್ಟೆಂಬರ್ 15, ಶನಿವಾರ

ಹತ್ತು ವರ್ಷ ಕಾಯಿಸಿ ದೇವರು ಕೊನೆಗೂ ನನ್ನ ಕೈಗೇ ತಂದು ಕೊಟ್ಟ.

ಡಿಸೆಂಬರ್ ಎಂಟರ ಪ್ರಥಮ ಪರಮಪ್ರಸಾದಕ್ಕೆ, ಮಕ್ಕಳು ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ದಿನಕ್ಕೆ, ಇಂದು ಧರ್ಮೋಪದೇಶದ ತರಗತಿ ಶುರುವಾಯಿತು. ಮಕ್ಕಳು ಒಬ್ಬೊಬ್ಬರೇ ಎದ್ದು ಹೆಸರು ಹೇಳಿದರು. ಕಿಟಕಿಯ ಪಕ್ಕ ಒಬ್ಬಳು ಸಣಕಲಿ, ಎರಡು ಜಡೆ. ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಆ ಅಗಲ ಕಿವಿಗಳು ಈ ಪೇಟೆಯಲ್ಲಿ ಒಬ್ಬನಿಗೇ ಇರುವುದು.

"ರಿಯಾಲಿನ್, ಟೀಚರ್."

ಬಾಡಿಗೆ ಟ್ರೈಸಿಕಲ್ ಓಡಿಸುವ ಸಿಯಾನೋನ ಮಗಳು. ನನ್ನ ಗಂಡನ ಮಗಳು. ಟ್ರೈಸಿಕಲ್ ನಿಲ್ದಾಣದ ಪಕ್ಕ ಬಾಳೆಹಣ್ಣು ಕರಿದು ಮಾರುತ್ತಿದ್ದ ಫ್ಲೋರ್ ಎಂಬುವಳ ಹಿಂದೆ ಹೋದನಲ್ಲ, ಆ ಸಂಸಾರದ ಫಲ. ನಮ್ಮ ದೇಶದಲ್ಲಿ ವಿಚ್ಛೇದನವಿಲ್ಲ. ಕಾನೂನಿಗೂ ಹೆಂಡತಿ ನಾನೇ, ಚರ್ಚಿಗೂ ಹೆಂಡತಿ ನಾನೇ. ಅಡುಗೆ ಮಾತ್ರ ಅವಳದು.

ಚರ್ಚಿನ ಗೇಟಿನಲ್ಲಿ ಪುಟೊ ಎಂಬ ಅಕ್ಕಿ ಕಡುಬು ಬೇಯಿಸಿ ಮಾರುವ ಪಾಸಿಂಗ್ ಅಕ್ಕ ಕಣ್ಣು ಮಿಟುಕಿಸಿದಳು. "ನೋಡ್ದೆಯಾ ಸಲೂದ್, ಯಾರು ಬಂದವ್ರೆ ಅಂತ? ಹುಲಿ ಗುಹೆಗೆ ಜಿಂಕೆಮರಿ ತಾನಾಗೇ ಬಂತು ಕಣೇ."

ಯಾವ ಮಗು ಸಿದ್ಧವಾಗಿದೆ, ಯಾವುದು ಆಗಿಲ್ಲ ಎಂದು ಫಾದರ್ ಬೋನಿಗೆ ಹೇಳುವವಳು ನಾನು. ಇಪ್ಪತ್ತು ವರ್ಷದಿಂದ ಅವರು ನನ್ನ ಮಾತನ್ನು ಮೀರಿಲ್ಲ. ಇಂದು ಮಧ್ಯಾಹ್ನದ ಅನ್ನ ಬಹಳ ರುಚಿಯಾಗಿತ್ತು.

ಸೆಪ್ಟೆಂಬರ್ 22

ಬೇರೆ ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಹೇಳಿದೆ. ಅವಳಿಗೆ ಏಳು ಸಂಸ್ಕಾರಗಳನ್ನೂ ಕೇಳಿದೆ, ಅವುಗಳಲ್ಲಿ ಯಾವುವನ್ನು ಬದುಕಿನಲ್ಲಿ ಒಮ್ಮೆ ಮಾತ್ರ ಪಡೆಯಬಹುದು, ಯಾಕೆ ಎಂದೂ ಕೇಳಿದೆ. ಒಂಬತ್ತು ವರ್ಷದ ಹುಡುಗಿ, ಅದೂ ಎರಡನೆಯ ವಾರ! ಪಾದ್ರಿಯಾಗಲು ಓದುವ ಸೆಮಿನರಿಯ ಹುಡುಗರಿಗೂ ಬೆವರೊಡೆಯುವ ಪ್ರಶ್ನೆ. ಅವಳು ನಿಂತೇ ಇದ್ದಳು. ಉಳಿದವರು ಕಿಸಕ್ಕೆಂದರು. ನಾನು ಅವರನ್ನು ಗದರಲಿಲ್ಲ.

ಹೊಟ್ಟೆ ತಣ್ಣಗಾಯಿತು.

ಸೆಪ್ಟೆಂಬರ್ 29

ತಣ್ಣಗಾದ ಹೊಟ್ಟೆಗೆ ಮತ್ತೆ ಕೆಂಡ ಬಿತ್ತು. ಹುಡುಗಿ ಎಲ್ಲವನ್ನೂ ಕಲಿತು ಬಂದಿದ್ದಾಳೆ. ಏಳೂ ಸಂಸ್ಕಾರ, ಕ್ರಮ ತಪ್ಪದೆ. ಜ್ಞಾನಸ್ನಾನ ಒಂದೇ ಸಲ ಯಾಕೆಂದರೆ ಆ ಗುರುತು ಅಳಿಸುವುದಿಲ್ಲವಂತೆ.

"ಯಾರು ಹೇಳ್ಕೊಟ್ಟಿದ್ದು?"

"ಅಮ್ಮ, ಟೀಚರ್. ಅಮ್ಮಂಗೂ ಗೊತ್ತಿರ್ಲಿಲ್ಲ. ಪಕ್ಕದ್ಮನೆ ಅಜ್ಜಿ ಹತ್ರ ಕೇಳ್ಕೊಂಡು ಬಂದು ಬಾಳೆಹಣ್ಣು ಕರೀತಾ ಕರೀತಾ ಹೇಳ್ಕೊಟ್ರು."

ಅಂದರೆ ನನ್ನ ಪ್ರಶ್ನೆಯ ಬಿಸಿ ಅವಳಮ್ಮನ ಬಾಣಲೆಯವರೆಗೂ ಹೋಗಿದೆ. ಅಷ್ಟಾದರೂ ಆಯಿತು. ಹಳೆಯ ಕಾಲದ ಉದ್ದನೆಯ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಅವಳೊಬ್ಬಳಿಗೇ ಕೊಟ್ಟೆ. ದಿನವೂ ಶಾಲೆ ಬಿಟ್ಟ ಮೇಲೆ ನನ್ನ ಮನೆಗೆ ಬಂದು ಒಪ್ಪಿಸಬೇಕೆಂದೆ. ಬೇರೆಯವರು ಗಾಳಿಪಟ ಹಾರಿಸುತ್ತಿರುವಾಗ ಇವಳು ನನ್ನ ಮೆಟ್ಟಿಲ ಮೇಲೆ ಕೂತು ಬಾಯಿಪಾಠ ಮಾಡಲಿ.

ಅಕ್ಟೋಬರ್ 4

ದಿನವೂ ಬರುತ್ತಾಳೆ. ಇಂದು ಚಪ್ಪಲಿಯ ಬಾರು ಕಿತ್ತಿತ್ತು. ಪಿನ್ ಹಾಕಿಕೊಟ್ಟೆ, ಇಲ್ಲದಿದ್ದರೆ ಅದನ್ನೇ ನೆಪ ಮಾಡಿಕೊಂಡು ನಾಳೆ ತಪ್ಪಿಸಿಕೊಂಡಾಳು.

ಅಕ್ಟೋಬರ್ 13, ಶನಿವಾರ

ಇವತ್ತು ದೇವರ ಹತ್ತು ಕಟ್ಟಳೆಗಳಲ್ಲಿ ಏಳನೆಯದು: ಕದಿಯಬೇಡ. ಈ ಪಾಠವನ್ನು ನಾನು ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ.

ಕದ್ದವನು ಪಾಪನಿವೇದನೆ ಮಾಡಿದರೆ ಸಾಲದು ಎಂದೆ. ಕದ್ದ ವಸ್ತುವನ್ನು ಅದರ ಒಡೆಯರಿಗೆ ಹಿಂದಿರುಗಿಸಬೇಕು. ಇಟ್ಟುಕೊಂಡೇ ಕ್ಷಮೆ ಕೇಳಿದರೆ ಗುರುಗಳ ಕ್ಷಮೆಯ ಮಾತು ಗಾಳಿಗೆ ಹೋಗುತ್ತದೆ. ನಾನು ಹೇಳುತ್ತಿದ್ದದ್ದು ಎಲ್ಲರಿಗೂ, ಕಣ್ಣು ಇದ್ದದ್ದು ಕಿಟಕಿಯ ಕಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ಅವಳು ಮೈ ಮುದುರಿಕೊಂಡಳು.

"ಟೀಚರ್, ಹಳೇದಾಗ್ಬಿಟ್ಟಿದ್ರೆ?"

"ಹಳೇದನ್ನೇ ಕೊಡ್ಬೇಕು."

"ಕದ್ದೋರು ಬೇರೆ, ಮನೇಲಿ ಇಟ್ಕೊಂಡಿರೋರು ಬೇರೆ ಆದ್ರೆ?"

"ಗೊತ್ತಿದ್ದೂ ಇಟ್ಕೊಂಡಿರೋರೂ ಕಳ್ಳರೇ," ಎಂದೆ.

ಅವಳು ತಲೆಯಾಡಿಸಿ ಪುಸ್ತಕ ಮುಚ್ಚಿದಳು. ಈ ಮಾತು ಸಂಜೆಯೊಳಗೆ ಫ್ಲೋರ್‌ಳ ಕಿವಿಗೆ ಬಿದ್ದಿರುತ್ತದೆ. ಉರಿದುಕೊಳ್ಳಲಿ.

ಅಕ್ಟೋಬರ್ 20

ಒಂದು ಉಪಾಯ ಹೊಳೆದಿದೆ. ಇಷ್ಟು ವರ್ಷ ಮಕ್ಕಳು ಸಾಲಾಗಿ ಹೋಗಿ ಪರಮಪ್ರಸಾದ ಸ್ವೀಕರಿಸುತ್ತಿದ್ದರು, ದೊಡ್ಡವರ ಸರದಿ ಆಮೇಲೆ ಗುಂಪಿನಲ್ಲಿ ಬರುತ್ತಿತ್ತು. ಆ ಗುಂಪಿನಲ್ಲಿ ಯಾರು ಎದ್ದರು, ಯಾರು ಕೂತರು ಎಂದು ಯಾರು ನೋಡುತ್ತಾರೆ? ಈ ಸಲ ಪ್ರತಿ ಮಗುವೂ ಅಪ್ಪ ಅಮ್ಮನ ನಡುವೆ ಬರಲಿ, ಮೂವರೂ ಒಟ್ಟಿಗೆ ಸ್ವೀಕರಿಸಲಿ ಎಂದು ಫಾದರ್ ಬೋನಿಗೆ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು.

"ಎಂಥಾ ಒಳ್ಳೆ ಯೋಚನೆ ಸಲೂದ್! ಇಡೀ ಕುಟುಂಬ ಒಂದೇ ಮೇಜಿಗೆ ಬಂದ ಹಾಗೆ!"

ಪಾಪದ ಸಂಸಾರದಲ್ಲಿರುವವರು ಪರಮಪ್ರಸಾದ ಸ್ವೀಕರಿಸುವ ಹಾಗಿಲ್ಲ. ಸಿಯಾನೋ ಮತ್ತು ಫ್ಲೋರ್ ಬೆಂಚಿನಲ್ಲೇ ಕೂತಿರಬೇಕು. ಊರೆಲ್ಲ ಎದ್ದಿರುವಾಗ ಅವರಿಬ್ಬರೇ ಕೂತಿರಬೇಕು. ಫಾದರ್ ಒಳ್ಳೆಯವರು, ಅದು ಅವರಿಗೆ ಹೊಳೆಯಲೇ ಇಲ್ಲ.

ಪಾಸಿಂಗ್‌ಗೆ ಹೇಳುವುದೇ ಬೇಕಾಗಲಿಲ್ಲ. "ಅಬ್ಬಬ್ಬಾ! ಸೈತಾನನೇ ಬಂದು ನಿನ್ ಹತ್ರ ಪಾಠ ಹೇಳಿಸ್ಕೋಬೇಕು ಕಣೇ," ಎಂದು ಬಿಸಿ ಪುಟೊ ಒಂದನ್ನು ಬಿಟ್ಟಿಯಾಗಿ ಕೊಟ್ಟಳು.

ನವೆಂಬರ್ 1, ಸಕಲ ಸಂತರ ಹಬ್ಬ

ಅನ್ನ, ಹುರಿದ ಮೀನು, ಹೂವು, ಮೇಣದಬತ್ತಿ ಎಲ್ಲ ಹಿಡಿದುಕೊಂಡು ಸ್ಮಶಾನಕ್ಕೆ ಹೋದೆ. ನನ್ನ ಕ್ರಿಸಾಂತೊ ಇರುವುದು ಗೋಡೆಯ ಹತ್ತಿರ. ಹುಟ್ಟಿ ಒಂದು ಹಗಲು ಬದುಕಿದ. ಸೂಲಗಿತ್ತಿ ಲೋಟದಲ್ಲಿ ನೀರು ಸುರಿದು ಜ್ಞಾನಸ್ನಾನ ಮಾಡಿಸಿದ್ದಳು, ಅಷ್ಟೇ ಅವನಿಗೆ ಸಿಕ್ಕಿದ್ದು.

ಸಮಾಧಿಯ ಮುಂದೆ ಆ ಹುಡುಗಿ ಕುಕ್ಕರಗಾಲಲ್ಲಿ ಕೂತಿದ್ದಳು. ಬತ್ತಿ ಹಚ್ಚಿಟ್ಟಿದ್ದಳು.

"ಇಲ್ಲೇನ್ ಮಾಡ್ತಿದೀಯ?"

"ಇವ್ನು ನನ್ನಣ್ಣ ಅಂತೆ, ಟೀಚರ್. ಅಪ್ಪ ವರ್ಷಾ ವರ್ಷಾ ಬೆಳಗ್ಗೆನೇ ಬರ್ತಾರೆ, ನೀವು ಬರೋಕ್ ಮುಂಚೆ. ಈ ಸಲ ಅವ್ರಿಗೆ ಬಾಡಿಗೆ ಸಿಕ್ತು. ಅದಕ್ಕೆ ನನ್ನ ಕಳ್ಸಿದ್ರು."

ಪ್ರತಿ ವರ್ಷ ಅಲ್ಲಿ ಮೇಣ ಕರಗಿ ಬಿದ್ದಿರುತ್ತಿತ್ತು. ಪಕ್ಕದ ಸಮಾಧಿಯದು ಎಂದುಕೊಂಡು ನಾನೇ ಕೆರೆದು ತೆಗೆಯುತ್ತಿದ್ದೆ. ಮೈಯೆಲ್ಲ ಉರಿಯಿತು. ನನ್ನ ದುಃಖದಲ್ಲೂ ಅವನು ಕದ್ದು ಪಾಲು ತೆಗೆದುಕೊಂಡಿದ್ದಾನೆ!

"ನಿಂಗ್ಯಾವ ಅಣ್ಣಾನೇ? ನಡಿ ಇಲ್ಲಿಂದ," ಎಂದೆ.

ಓಡಿದಳು. ಬತ್ತಿಯನ್ನು ಆರಿಸಲು ಬಗ್ಗಿದೆ. ಬತ್ತಿಯ ತಪ್ಪೇನು ಎಂದು ಬಿಟ್ಟೆ.

ನವೆಂಬರ್ 10

ರಿಯಾಲಿನ್‌ಗೆ ಜ್ವರವಂತೆ, ನಾಲ್ಕು ದಿನದಿಂದ ಇಲ್ಲ. ತರಗತಿ ಬೇಗ ಮುಗಿಯಿತು. ಒಂದು ಪ್ರಶ್ನೆ ಕೇಳುವವರಿಲ್ಲ. ಈ ವರ್ಷದ ಮಕ್ಕಳು ಬರೀ ಕೊರಡುಗಳು.

ಪಾಸಿಂಗ್‌ಳ ಕೈಯಲ್ಲಿ ಶುಂಠಿ ಕಷಾಯ ಕಳಿಸಿದೆ. ಅವಳು ಸಿದ್ಧಳಾಗದೆ ಉಳಿದರೆ ಎಂಟನೆಯ ತಾರೀಖು ನನ್ನ ಉಪಾಯವೆಲ್ಲ ನೀರಿನಲ್ಲಿ ಹೋಮ.

ನವೆಂಬರ್ 17

ತಂದೆತಾಯಂದಿರ ಸಭೆ. ಫ್ಲೋರ್ ಬಂದಳು, ಒಬ್ಬಳೇ. ಹಿಂದಿನ ಬೆಂಚುಗಳನ್ನು ಮೊದಲೇ ತೆಗೆಸಿದ್ದರಿಂದ ಮುಂದೆಯೇ ಕೂರಬೇಕಾಯಿತು. ಮುಂಗೈ ತುಂಬ ಎಣ್ಣೆ ಸಿಡಿದ ಕಲೆಗಳು. ಇವಳ ಚೆಂದಕ್ಕೆ ಬಿದ್ದನಲ್ಲ ಎಂದು ಹಿಂದೆ ಅತ್ತಿದ್ದೆ. ಈಗ ನೋಡಿದರೆ ನನಗಿಂತ ಮೊದಲೇ ಮುದುಕಿಯಾಗಿದ್ದಾಳೆ.

ಯಾರು ಪರಮಪ್ರಸಾದಕ್ಕೆ ಅರ್ಹರು, ಯಾರು ಅಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಮದುವೆಯಾಗದೆ ಒಂದೇ ಸೂರಿನಡಿ ಇರುವವರು ಎಂದು ಮೂರು ಸಲ ಹೇಳಿದೆ. ಜನ ಮೊಣಕೈಯಲ್ಲಿ ತಿವಿದುಕೊಂಡರು.

ಕೊನೆಗೆ ಅವಳೇ ಎದ್ದಳು. "ಅಂದ್ರೆ ನಮ್ ಹುಡುಗಿ ಒಬ್ಳೇ ಹೋಗ್ಬೇಕಾ ಟೀಚರ್?"

ನಾನು ಗೋಡೆಗೆ ಉತ್ತರ ಕೊಟ್ಟೆ: "ಅವರವರು ಮಾಡ್ಕೊಂಡಿದ್ದು ಅವರವರಿಗೆ."

"ನಂಗೆ ಏನ್ ಬೇಕಾದ್ರೂ ಅನ್ನಿ. ಅವ್ಳು ನಿಮ್ ಪಾಠನ ನಿದ್ದೇಲೂ ಹೇಳ್ತಾಳೆ. ಅವ್ಳನ್ನ ಫೇಲ್ ಮಾತ್ರ ಮಾಡ್ಬೇಡಿ," ಎಂದು ಕೂತುಬಿಟ್ಟಳು.

ಫೇಲ್ ಮಾಡುವುದೆಲ್ಲಿ ಬಂತು? ತರಗತಿಯಲ್ಲಿ ಅವಳ ಮುಂದೆ ನಿಲ್ಲುವವರೇ ಇಲ್ಲ. ನಾನು ಸಿಟ್ಟಿನವಳು, ಸುಳ್ಳಿಯಲ್ಲ.

ಡಿಸೆಂಬರ್ 1, ಶನಿವಾರ

ದೀಪ ಆರಿಸುವ ಮುಂಚೆ ಇದನ್ನು ಬರೆದಿಡಬೇಕು.

ಪಾಪನಿವೇದನೆಯ ಅಭ್ಯಾಸಕ್ಕೆಂದು ನಾನು ಜಾಲರಿಯ ಹಿಂದೆ ಗುರುಗಳ ಜಾಗದಲ್ಲಿ ಕೂತೆ. ನಿಮ್ಮ ನಿಜವಾದ ಪಾಪ ಫಾದರ್‌ಗೆ ಮಾತ್ರ, ನನಗೆ ಏನಾದರೂ ಕಟ್ಟಿ ಹೇಳಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಒಬ್ಬ ಆನೆ ಕದ್ದೆ ಎಂದ. ಇನ್ನೊಬ್ಬಳು ಅಜ್ಜಿಯ ಹಲ್ಲಿನ ಸೆಟ್ಟನ್ನು ನಾಯಿಗೆ ಹಾಕಿದೆ ಎಂದಳು. ನಗುತ್ತಿದ್ದೆವು. ರಿಯಾಲಿನ್ ಮೊಣಕಾಲೂರಿದಳು.

"ನಾನು ನಿಮ್ ಗಂಡನ್ನ ಕದ್ದಿದೀನಿ."

ಜಾಲರಿಯ ಈಚೆಯಿಂದ ನಾನು ಬಗ್ಗಿ ನೋಡಿದೆ.

"ಏನಂದೆ?"

"ಬೀದೀಲಿ ಎಲ್ರೂ ಅಂತಾರೆ, ನೀನೂ ನಿಮ್ಮಮ್ಮನೂ ಸೇರಿ ಟೀಚರ್ ಗಂಡನ್ನ ಎಗರಿಸಿದ್ರಿ ಅಂತ. ನಾನ್ ಹೊಟ್ಟೇಲಿದ್ದೆ ಅಂತಾನೇ ಅಪ್ಪ ಬಂದಿದ್ದಂತೆ. ಹಂಗಾದ್ರೆ ಕದ್ದಿದ್ದು ನಾನೇ ಅಲ್ವಾ? ಗೊತ್ತಿದ್ದೂ ಇಟ್ಕೊಂಡಿರೋರೂ ಕಳ್ಳರು ಅಂದ್ರಲ್ಲ ನೀವು. ಅಪ್ಪ ಅಂತ ನಂಗೆ ಗೊತ್ತಿದ್ದೇ ಇಟ್ಕೊಂಡಿದೀನಿ." ಜಾಲರಿಗೆ ಮುಖ ಒತ್ತಿ, "ವಾಪಸ್ ಕೊಡ್ಲೇಬೇಕು ಅಲ್ವಾ?" ಎಂದಳು.

ಇಲ್ಲ ಮಗು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೇ ಬೇರೆ.

"ಕದ್ದಿದ್ರೆ ಕೊಡ್ಬೇಕು," ಎಂದೆ. ಫ್ಲೋರ್‌ಳ ಮಗಳು ಫ್ಲೋರ್‌ಳ ಮುಂದೆ ನಿಂತು ಈ ಮಾತು ಹೇಳುವುದನ್ನು ನೆನೆಸಿಕೊಂಡೆ. ಇದಕ್ಕಿಂತ ಒಳ್ಳೆಯ ಚೂರಿ ಎಲ್ಲಿ ಸಿಕ್ಕೀತು?

ಆದರೂ ಊಟ ಸೇರಲಿಲ್ಲ. ಸೆಕೆಗೆ ಇರಬೇಕು.

ಡಿಸೆಂಬರ್ 5

ಮಧ್ಯಾಹ್ನ ಟ್ರೈಸಿಕಲ್ ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದರೆ ರಿಯಾಲಿನ್. ಒಂದು ಕೈಯಲ್ಲಿ ಬಟ್ಟೆ ತುಂಬಿದ ಪ್ಲಾಸ್ಟಿಕ್ ಚೀಲ, ಇನ್ನೊಂದು ಕೈಯಲ್ಲಿ ಸಿಯಾನೋನ ಬೆರಳು.

"ಟೀಚರ್, ಅಪ್ಪನ್ನ ವಾಪಸ್ ತಂದಿದೀನಿ."

ಹತ್ತು ವರ್ಷ ನಾನು ಮೇಣದಬತ್ತಿ ಹಚ್ಚಿ ಬೇಡಿಕೊಂಡದ್ದು ಇದನ್ನೇ. ಅವನು ನನ್ನ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕು, ಅವಳು ಅಲ್ಲಿ ಒಬ್ಬಳೇ ಅಳಬೇಕು. ನಿಂತಿದ್ದ. ಹೊಟ್ಟೆ ಬಂದಿದೆ, ತಲೆ ನೆರೆತಿದೆ.

"ಶನಿವಾರದಿಂದ ನೆಟ್ಟಗೆ ಊಟ ಮಾಡಿಲ್ಲ ಇವ್ಳು," ಎಂದ. "ಹೇಳಿದ್ರೂ ಕೇಳಲ್ಲ, ಹೊಡೆದ್ರೂ ಕೇಳಲ್ಲ. ನೀನು ಒಳಗ್ ಬಾ ಅಂದ್ರೆ ಬರ್ತೀನಿ ಸಲೂದ್. ಹೋಗು ಅಂದ್ರೆ ಹೋಗ್ತೀನಿ."

ಅಂದೂ ಇವನು ಹೀಗೇ. ಯಾರು ಎಳೆದರೆ ಅತ್ತ ಬೀಳುವ ಚಾಪೆ. ಇದಕ್ಕಾಗಿ ನಾನು ನನ್ನ ಯೌವನವನ್ನು ಹಲ್ಲು ಕಚ್ಚಿ ಕಳೆದೆನೇ!

ರಿಯಾಲಿನ್ ಚೀಲ ಬಿಚ್ಚಿ ತೋರಿಸತೊಡಗಿದಳು. "ಎಲ್ಲಾ ಇದೆ ಟೀಚರ್. ಅಮ್ಮ ಅಳ್ತಾ ಅಳ್ತಾನೇ ಇಸ್ತ್ರಿ ಮಾಡಿ ಕೊಟ್ರು. ಅಪ್ಪಂದು ಒಂದು ಹಲ್ಲು ಮಾತ್ರ ಕಮ್ಮಿ. ಅದು ಹೋದ್ ವರ್ಷ ತಾನಾಗೇ ಬಿತ್ತು, ನಾವ್ ತೆಗೆದಿದ್ದಲ್ಲ."

ಸಿಯಾನೋನ ಕಡೆ ತಿರುಗಿದೆ. ಒಳಗೆ ಬಾ ಎನ್ನಬೇಕೆಂದು ಬಾಯಿ ತೆರೆದೆ. ನಿಜ ಬರೆಯುತ್ತೇನೆ, ತೆರೆದೆ. ಒಂದೇ ಒಂದು ದಿನ ಇವನನ್ನು ಇಲ್ಲಿ ಕೂರಿಸಿಕೊಂಡರೂ ಸಾಕು, ಅವಳಿಗೆ ಗೊತ್ತಾಗುತ್ತದೆ ಖಾಲಿ ಮನೆ ಅಂದರೇನೆಂದು.

ಹುಡುಗಿ ಅಪ್ಪನ ಬೆರಳು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಮುಖ ಬಿಳಿಚಿತ್ತು.

"ಭಾನುವಾರ ಬಂದು ನೋಡ್ಬಹುದಾ ಟೀಚರ್? ಬರೀ ನೋಡೋದು. ನೋಡಿದ್ರೆ ಕಳ್ಳತನ ಆಗಲ್ವಲ್ಲ?"

ಹೊಸ್ತಿಲ ಮೇಲೆಯೇ ಕೂತೆ.

"ಇಲ್ಲಿ ಬಾ. ನೀನು ಕದ್ದಿಲ್ಲ. ಒಡೆಯರೇ ಕೊಟ್ಟಿದ್ದನ್ನ ಇಟ್ಕೊಂಡ್ರೆ ಅದು ಕಳ್ಳತನ ಅಲ್ಲ. ನಾನೇ ಕೊಟ್ಟಿದ್ದು."

ಅವಳು ನನ್ನ ವಿದ್ಯಾರ್ಥಿನಿ, ಸುಲಭಕ್ಕೆ ಬಿಡುವವಳಲ್ಲ. "ಯಾವಾಗ ಕೊಟ್ರಿ?"

"ಈಗ."

"ಆಮೇಲೆ ವಾಪಸ್ ಕೇಳಲ್ವಾ?"

"ಹರಿದ ಚಪ್ಪಲೀನ ಯಾರೇ ವಾಪಸ್ ಕೇಳ್ತಾರೆ?"

ಸಿಯಾನೋ ಏನೋ ಹೇಳಲು ಬಂದ. "ನೀನ್ ಸುಮ್ನಿರು, ನಿನ್ನನ್ನ ಯಾರೂ ಕೇಳಿಲ್ಲ," ಎಂದೆ. ಹುಡುಗಿಯನ್ನು ಒಳಗೆ ಕರೆದು ಅನ್ನ, ಒಣಮೀನು ಬಡಿಸಿದೆ. ಮೂರು ಸಲ ಹಾಕಿಸಿಕೊಂಡಳು. ಅವನು ಅಷ್ಟು ಹೊತ್ತೂ ಬಿಸಿಲಿನಲ್ಲಿ ಚೀಲ ಹಿಡಿದು ನಿಂತಿದ್ದ. ಅದೊಂದು ಸಮಾಧಾನ.

ಫ್ಲೋರ್‌ಳನ್ನು ನಾನು ಕ್ಷಮಿಸಿಲ್ಲ. ಮಗುವಿನ ತಲೆಯಲ್ಲಿದ್ದ ತಪ್ಪು ಪಾಠವನ್ನು ತಿದ್ದಿದೆ, ಅಷ್ಟೇ. ಅದು ನನ್ನ ಕೆಲಸ.

ಡಿಸೆಂಬರ್ 6

ಫಾದರ್ ಬೋನಿಯ ಹತ್ತಿರ ಹೋಗಿ, ಅಪ್ಪ ಅಮ್ಮಂದಿರೆಲ್ಲ ಒಟ್ಟಿಗೆ ಬಂದರೆ ನೂಕುನುಗ್ಗಲಾಗುತ್ತದೆ, ಹಳೆಯ ಕ್ರಮವೇ ಇರಲಿ ಎಂದೆ.

"ಈಗ ಹೇಳ್ತೀಯಲ್ಲಮ್ಮ! ಅರ್ಧ ಪೇಟೆ ಒಂದೇ ಬಣ್ಣದ ಬಟ್ಟೆ ಹೊಲಿಸ್ಕೊಂಡು ಕೂತಿದೆ. ಅಲ್ಲ, ನಿನ್ನದೇ ಯೋಚನೆ ಅಲ್ವಾ ಇದು?"

ಹೌದು, ನನ್ನದೇ.

ಡಿಸೆಂಬರ್ 7

ಮಕ್ಕಳ ಮೊದಲ ಪಾಪನಿವೇದನೆ. ರಿಯಾಲಿನ್ ಬೇಗ ಹೊರಬಂದಳು. "ಕದ್ದಿದ್ದು ಹೇಳ್ಲಿಲ್ಲ ಟೀಚರ್, ಅದು ಪಾಪ ಅಲ್ಲ ಅಂದ್ರಲ್ಲ," ಎಂದು ಕಿವಿಯಲ್ಲಿ ಪಿಸುಗುಟ್ಟಿ ಹೋದಳು.

ಕೊನೆಯಲ್ಲಿ ಫಾದರ್ ಇಣುಕಿದರು. "ಸಲೂದ್, ನೀನೂ ಬಾ. ಪ್ರತಿ ವರ್ಷ ಮಕ್ಕಳ ಜೊತೆಗೆ ನಿಂದೂ ಆಗುತ್ತಲ್ಲ."

"ಈ ಸಲ ಇಲ್ಲ ಫಾದರ್. ನಾನು ಸಿದ್ಧವಾಗಿಲ್ಲ."

"ಇಷ್ಟು ಮಕ್ಕಳನ್ನ ಸಿದ್ಧ ಮಾಡಿದವಳು ನೀನು!"

"ಪಶ್ಚಾತ್ತಾಪ ಇಲ್ದೆ ಮೊಣಕಾಲೂರಿದ್ರೆ ಅದು ನಾಟಕ ಅಂತ ನಾನೇ ಹೇಳ್ಕೊಟ್ಟಿದೀನಿ. ಒಬ್ಳ ಮೇಲೆ ನಂಗೆ ಹಗೆ ಇದೆ. ಅವ್ಳು ತಲೆ ತಗ್ಗಿಸೋದನ್ನ ನೋಡೋ ಆಸೆ ಇನ್ನೂ ಹೋಗಿಲ್ಲ. ಹೋಗಿದೆ ಅಂತ ಸುಳ್ಳು ಹೇಳಲ್ಲ. ನಾಳೆ ನಂಗೆ ಪರಮಪ್ರಸಾದ ಬೇಡ."

ಅವರು ಹೊರಗೆ ಬಂದು ನನ್ನ ಪಕ್ಕ ನಿಂತರು. "ಊರು ಏನನ್ನುತ್ತೆ, ಯೋಚಿಸಿದೀಯಾ?"

ಯೋಚಿಸಿರಲಿಲ್ಲ.

ಡಿಸೆಂಬರ್ 8

ಚರ್ಚು ತುಂಬಿ ಹೊರಗೂ ಜನ. ಹಸಿರು ಅಂಗಿಯ ಕುಟುಂಬ, ನೀಲಿ ಅಂಗಿಯ ಕುಟುಂಬ, ಎಲ್ಲರೂ ಮೂವರು ಮೂವರಾಗಿ ಎದ್ದು ಬಂದರು. ನಾನು ಮುಂದೆ ನಿಂತು ಒಬ್ಬೊಬ್ಬರನ್ನೇ ಕಳಿಸುತ್ತಿದ್ದೆ. ಮೂರನೆಯ ಬೆಂಚಿನಲ್ಲಿ ಇಬ್ಬರು ಮಾತ್ರ ಕೂತಿದ್ದರು.

ರಿಯಾಲಿನ್ ಒಬ್ಬಳೇ ಬಂದಳು. ಎರಡೂ ಪಕ್ಕ ಖಾಲಿ. ಕೈ ಜೋಡಿಸಿದ್ದು ನಾನು ಹೇಳಿಕೊಟ್ಟ ಹಾಗೆಯೇ, ಹೆಬ್ಬೆರಳು ಅಡ್ಡ. ಊರಿನ ಕುತ್ತಿಗೆಗಳೆಲ್ಲ ಒಟ್ಟಿಗೆ ತಿರುಗಿದವು. ಪಿಸುಮಾತು ಎದ್ದಿತು, ಯಾರೋ ನಕ್ಕರು ಕೂಡ. ನಾನು ಏನನ್ನು ಬಯಸಿದ್ದೆನೋ ಅದರಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಫ್ಲೋರ್‌ಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿರಲಿಲ್ಲ. ಮಗಳನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ಜನ ತನ್ನನ್ನು ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಅದು ಅವಳಿಗೆ ಹೊಸದಲ್ಲ ಎನ್ನುವುದು ಆ ಮುಖ ನೋಡಿದಾಗಲೇ ನನಗೆ ತಿಳಿದದ್ದು. ನನ್ನ ಗಂಡ ಹೋದಾಗ ಊರು ನನಗೆ ಸಾಂತ್ವನ ಹೇಳಿತ್ತು, ಗಂಜಿ ತಂದುಕೊಟ್ಟಿತ್ತು.

ಮಕ್ಕಳೆಲ್ಲ ಮುಗಿದ ಮೇಲೆ ಟೀಚರ್ ಸರದಿ. ಫಾದರ್ ಪರಮಪ್ರಸಾದದ ಪಾತ್ರೆ ಹಿಡಿದು ನನ್ನತ್ತ ನೋಡಿದರು. ನಾನು ತಲೆ ಬಾಗಿಸಿ ಹಿಂದಕ್ಕೆ ತಿರುಗಿದೆ. ಹಾಡುವವರು ಒಂದು ಸಾಲು ತಪ್ಪಿದರು. ಪಾಸಿಂಗ್ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ನನ್ನ ಜಾಗ ಇದ್ದದ್ದು ಮೊದಲ ಬೆಂಚಿನಲ್ಲಿ. ಅಲ್ಲಿ ಎಲ್ಲರೂ ಎದ್ದು ಹೋಗಿದ್ದರು, ಒಬ್ಬಳೇ ಕೂತರೆ ಕೊಂಬು ಬಂದವಳ ಹಾಗೆ ಕಾಣುತ್ತೇನೆ. ಕಾಲು ಮೂರನೆಯ ಬೆಂಚಿನ ಹತ್ತಿರ ನಿಂತಿತು.

"ಸ್ವಲ್ಪ ಸರ್ಕೋ," ಎಂದೆ.

ಫ್ಲೋರ್ ಸಿಯಾನೋನನ್ನು ಆಚೆ ತಳ್ಳಿ ಜಾಗ ಮಾಡಿದಳು. ಅವಳ ಬಟ್ಟೆಯಲ್ಲಿ ಕರಿದ ಬಾಳೆಹಣ್ಣಿನ ವಾಸನೆಯಿತ್ತು. ನನಗೆ ಅವಳ ಮೇಲೆ ಇನ್ನೂ ಸಿಟ್ಟಿದೆ. ಕೂತಿದ್ದಾಗಲೂ ಇತ್ತು.

"ನೀವ್ ಹೋಗಿ ಟೀಚರ್," ಎಂದು ಅವಳು ತುಟಿ ಅಲುಗಿಸದೆ ಹೇಳಿದಳು. "ಎಲ್ರೂ ನೋಡ್ತಿದಾರೆ. ನಾಳೆಯಿಂದ ನಿಮ್ಮನ್ನೂ ಆಡ್ಕೋತಾರೆ."

"ಆಡ್ಕೊಳ್ಳಲಿ. ಹತ್ತು ವರ್ಷ ನೀನು ತಡ್ಕೊಂಡಿಲ್ವಾ?"